ದೋಣಿಯ ತಗಡು ಓದಿದ್ದೀರಾ?

ನನ್ನ ತಮ್ಮ ದೇವಾನಂದನಿಗೆ ಬುದ್ಧಿ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಕಲಬುರಗಿ ಕಡೆಯಿಂದ ಪುಣೆಗೆ ಬಂದು ಎಂಟು ವರ್ಷ ಕಟ್ಟಡಗಳಲ್ಲಿ ಸಿಮೆಂಟ್ ಹೊತ್ತ. ಈಗ ಉಜನಿ ಅಣೆಕಟ್ಟಿನ ಹಿನ್ನೀರಿನ ದಂಡೆಯಲ್ಲಿ ಮನೆ ಮಾಡಿ, ಹದಿಮೂರು ಅಡಿಯ ಫೈಬರ್ ದೋಣಿಯಲ್ಲಿ ಮೀನು ಹಿಡಿಯುತ್ತಾನೆ. ಇವನು ಮುಂದೆ ನಿಂತು ಬಲೆ ಬಿಡುತ್ತಾನೆ, ಹೆಂಡತಿ ಶಿವಕಾಂತಾ ಹಿಂದೆ ಕೂತು ಹುಟ್ಟು ಹಾಕುತ್ತಾಳೆ. ಆಕೆಗೆ ಈಜು ಬರುವುದಿಲ್ಲ. ಆಕೆಯ ಭುಜ ಸೋತಿತು, ಮೋಟಾರ್ ಕೂರಿಸೋಣ ಎಂದರು. ಒಳ್ಳೆಯದೇ. ಆದರೆ ಈ ಮಹಾರಾಯನಿಗೆ ಹದಿನೈದು ಎಚ್‌ಪಿಯದೇ ಬೇಕಂತೆ!

"ಯಾಕೋ ಅಷ್ಟು ದೊಡ್ಡದು?" ಎಂದೆ.

"ಬಾಜೂ ಮನಿ ಅವಧೂತ ತನ್ನ ದೋಣಿಗೆ ಹದಿನೈದು ಹಾಕ್ಯಾನಲ್ಲ."

"ಅವನ ದೋಣಿ ಇಪ್ಪತ್ತೆರಡು ಅಡಿ ಅದನೋ!"

"ಅಕ್ಕಾ, ಹದಿನೈದೇ ತರ್ತೀನಂತ ಎಲ್ಲಾರಿಗೂ ಹೇಳಿಬಿಟ್ಟೀನಿ. ನಾಳೆ ಸಣ್ಣದು ತಂದ್ರ ಮಂದಿ ನಗೋದಿಲ್ಲೇನು?"

ಕೋಣನ ಮುಂದೆ ಕಿನ್ನರಿ ಬಾರಿಸಿದ್ದು ಸಾಕೆಂದು, ಮೋಟಾರ್ ರಿಪೇರಿ ಮಾಡುವ ರಾಮಲಿಂಗಪ್ಪ ಕಾಕಾನನ್ನು ದಂಡೆಗೆ ಕರೆತಂದೆ. ಕಾಕಾ ಬಂದವರೇ, ನೀರಲ್ಲಿ ಕಟ್ಟಿದ್ದ ದೋಣಿಯ ಹಿಂದೆ ಮೋಟಾರ್ ಕೂರಿಸುವ ಹಲಗೆ ನೋಡಿದರು. ಅಲ್ಲೊಂದು ಚಿಕ್ಕ ತಗಡು. ಪ್ರತಿ ಅಮಾವಾಸ್ಯೆಗೆ ದೋಣಿ ಪೂಜೆ ಮಾಡಿ ನನ್ನ ತಮ್ಮ ವಿಭೂತಿ ಬಳಿಯುವುದು ಅದಕ್ಕೇ. ಕಾಕಾ ಒದ್ದೆ ಟವೆಲಿನಿಂದ ಒರೆಸಿದರು.

"ಓದಪ್ಪ."

"ಎಂಟು ಎಚ್‌ಪಿ..."

"ಅದಕ್ಕಿಂತ ದೊಡ್ಡದು ಈ ದೋಣಿಗೆ ಹಾಕಬಾರದು. ಮಾಡಿದವರೇ ಬರದಾರ."

ಮೂರು ವರ್ಷ ಕೈ ಮುಗಿದಿದ್ದಾನೆ, ಒಂದು ದಿನ ಓದಿಲ್ಲ! ನನಗೆ ಮೈಯೆಲ್ಲ ಉರಿಯಿತು.

"ಕಂಪನಿಯವರು ಸುಮ್ಮ ಹೆದರಿಸ್ತಾರ ಕಾಕಾ," ಎಂದ, ಮತ್ತೂ ಸೋಲದೆ.

"ಹಂಗಾದ್ರ ನೋಡೇ ಬಿಡೂಣು. ಹದಿನೈದರ ಮೋಟಾರು ಹತ್ತಿರ ಹತ್ತಿರ ಒಂದು ಸಿಮೆಂಟ್ ಚೀಲದಷ್ಟು ಭಾರ. ಮನ್ಯಾಗ ಚೀಲ ಅದ ಏನು?"

ಇತ್ತು. ಗೋಡೆಗೆಂದು ತಂದದ್ದು. "ಒಂದು ಚೀಲ ನನಗ್ಯಾವ ಲೆಕ್ಕ?" ಎನ್ನುತ್ತ ಹೊತ್ತು ತಂದ, ಹಿಂದಿನ ಹಲಗೆಗೆ ಒರಗಿಸಿ ಪಕ್ಕದಲ್ಲೇ ಕೂತ. ದೋಣಿಯ ಮೂತಿ ಮೇಲೆದ್ದಿತು. ಹಿಂದೆ ಹಲಗೆಯ ಅಂಚಿಗೂ ನೀರಿಗೂ ನಡುವೆ ನಾಲ್ಕೇ ಬೆರಳು ಉಳಿಯಿತು. ಅಷ್ಟರಲ್ಲಿ ಹಕ್ಕಿ ನೋಡಲು ಬಂದವರ ದೋಣಿಯೊಂದು ಹಾದುಹೋಯಿತು. ಅದರ ಅಲೆ ಹಲಗೆ ದಾಟಿ ಒಳಗೆ ಸುರಿಯಿತು.

"ಅಯ್ಯಯ್ಯೋ, ಸಿಮೆಂಟ್ ತೊಯ್ತು! ಹಿಡೀರಿ, ಹಿಡೀರಿ!" ಎಂದು ತಮ್ಮ ಕೂಗಿದ.

ದಂಡೆಯಲ್ಲಿ ನಿಂತಿದ್ದ ಶಿವಕಾಂತಾ ಮೊಣಕಾಲು ನೀರಿಗಿಳಿದು ದೋಣಿ ಹಿಡಿದಳು.

"ಒಂದು ಚೀಲ ಸಿಮೆಂಟಿಗೆ ಇಷ್ಟು ಒದರ್ತೀರಿ. ನಾಳೆ ಅಲ್ಲಿ ಮೋಟಾರ್ ಹಿಡದು ಕೂಡಾಕಿ ನಾನಲ್ರೀ?"

ತಮ್ಮ ಆಕೆಯ ಮುಖ ನೋಡಿದ. ಆಮೇಲೆ ಮೆಲ್ಲಗೆ, "ಕಾಕಾ, ಎಷ್ಟರದ್ದು ತರಲಿ?" ಎಂದ.

"ಆರರದ್ದು ಸಾಕು. ಅರ್ಧ ಚೀಲದಷ್ಟು ಭಾರ, ಪೆಟ್ರೋಲೂ ಕಡಿಮಿ. ತೀರಾ ಎರಡರದ್ದೂ ಬ್ಯಾಡ, ಎದುರು ಗಾಳಿಗೆ ಅದಕ್ಕ ದಮ್ಮು ಸಾಲೂದಿಲ್ಲ. ಮತ್ತ ಇಬ್ಬರಿಗೂ ಲೈಫ್ ಜಾಕೆಟ್ ಬೇಕೇ ಬೇಕು."

ಆರರ ಮೋಟಾರು ಬಂತು. ಅವಧೂತ ನಕ್ಕು, "ಯಾಕಪ್ಪ, ಹದಿನೈದು ಎಲ್ಲಿ ಹೋಯ್ತು?" ಎಂದ.

"ಹಿಂದ ನಮ್ಮಾಕಿ ಕೂಡ್ತಾಳ," ಎಂದ ನನ್ನ ತಮ್ಮ. ಅಬ್ಬಾ, ಅಂತೂ ಬುದ್ಧಿ ಬಂತು!

ದೋಣಿಯ ಅಣ್ಣಂದಿರೇ, ಅಕ್ಕಂದಿರೇ, ಮೋಟಾರ್ ಕೊಳ್ಳುವಾಗ ಪಕ್ಕದವರ ದೋಣಿ ನೋಡಬೇಡಿ. ನಿಮ್ಮ ದೋಣಿಯ ತಗಡು ನೋಡಿ. ತಗಡು ಇಲ್ಲವೇ? ದೋಣಿ ಮಾಡಿದವರನ್ನು ಕೇಳಿ. ಜನ, ಬಲೆ, ಮೀನು, ಎಲ್ಲದರ ಭಾರವನ್ನೂ ಹೇಳಿ ಕೇಳಿ. ಓದಲು ಬಾರದಿದ್ದರೆ ಯಾರಿಂದಲಾದರೂ ಓದಿಸಿ, ಅದರಲ್ಲಿ ನಾಚಿಕೆ ಏನಿದೆ? ಓದಿದ ಮೇಲೆ ಧಾರಾಳವಾಗಿ ವಿಭೂತಿ ಹಚ್ಚಿ.