ಹಿಂದಿನ ಸೀಟು

ಇಬ್ಬರು ಹಿಂದೆ ಮುಂದೆ ಕೂತು ತುಳಿಯುವ ಜೋಡಿ ಸೈಕಲ್ಲನ್ನು ಒಬ್ಬನೇ ತುಳಿದರೂ ಹಿಂದಿನ ಪೆಡಲುಗಳು ತಿರುಗುತ್ತವೆ. ಎರಡನ್ನೂ ಸರಪಳಿಯಿಂದ ಬಿಗಿದಿರುವಾಗ ಇನ್ನೇನಾದೀತು? ಹುಕ್ಕೇರಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಧನಪಾಲನಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೂ ಹಿಂದಿನ ಸೀಟಿನಲ್ಲಿ ಕೂಡುತ್ತಿದ್ದ ಗೆಳೆಯ ರಾಚಪ್ಪ ಸತ್ತ ಮೇಲೆ ಆತ ಆ ಪೆಡಲುಗಳ ಕಡೆ ಒಮ್ಮೆಯೂ ತಿರುಗಿ ನೋಡಲಿಲ್ಲ. ಇಳಿಜಾರು ಬಂತೆಂದರೆ ಸಾಕು, ಖಾಲಿ ಸೀಟಿನಲ್ಲಿ ಯಾರೋ ಕೂತು ತನಗೆ ಎದುರಾಗಿ ಒತ್ತುತ್ತಿದ್ದಾರೆ ಅನ್ನಿಸುತ್ತಿತ್ತು.

"ಸತ್ತ ಜೀವ ಆಗಲೇ ಇನ್ನೊಂದು ಮೈ ಹೊಕ್ಕಿರತೈತಿ. ನಿನ್ನ ಸೈಕಲ್ ಮ್ಯಾಲ ಕುಂದ್ರೂದು ಬಿಟ್ಟು ಅದಕ್ಕ ಬ್ಯಾರೆ ಕೆಲಸ ಇಲ್ಲೇನು?" ಎಂದು ತಾಯಿ ಜಿನ್ನವ್ವ ಬೈದಿದ್ದಳು. ಬಸದಿಯಲ್ಲಿ ಕೇಳಿ ಕಲಿತ ಮಾತು, ತಪ್ಪಲ್ಲ. ಆದರೆ ರಾಚಪ್ಪನ ಜನ ಸತ್ತವರನ್ನು ಕೂಡಿಸಿ ಮಣ್ಣು ಮಾಡುತ್ತಾರೆ. ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟು, ಬೆನ್ನು ನೆಟ್ಟಗೆ ಮಾಡಿ ಗೆಳೆಯನನ್ನು ಕುಣಿಯಲ್ಲಿ ಕೂಡಿಸಿದ್ದನ್ನು ಧನಪಾಲ ಕಣ್ಣಾರೆ ಕಂಡಿದ್ದ. ರಾಚಪ್ಪ ಇನ್ನೂ ಕೂತೇ ಇದ್ದಾನೆ ಎಂಬುದು ಅವನ ತಲೆಯಿಂದ ಇಳಿಯಲೇ ಇಲ್ಲ.

ಸೈಕಲ್ಲು ಗೋಕಾಕದ ಬಿಳಿ ಸಾಹೇಬನೊಬ್ಬನದು. ಸ್ವಾತಂತ್ರ್ಯ ಬಂದ ವರ್ಷ ಊರಿಗೆ ಹೊರಟವನು, ರಿಪೇರಿಗೆ ಕೊಟ್ಟಿದ್ದನ್ನು ಅಂಗಡಿಯಲ್ಲೇ ಬಿಟ್ಟು ಹೋದ. ಅದೇ ಹೊತ್ತಿಗೆ ಪತ್ರಿಕೆಯಲ್ಲಿ ಸುದ್ದಿ ಬಂತು: ಮುಂದಿನ ವರ್ಷ ಲಂಡನ್ನಿನಲ್ಲಿ ಒಲಿಂಪಿಕ್ ಕೂಟ, ಅಲ್ಲಿ ಜೋಡಿ ಸೈಕಲ್ಲಿನ ಪಂದ್ಯವೂ ಉಂಟು. ಮುಂಬಯಿಯಲ್ಲಿ ಆಯ್ಕೆಯಂತೆ. ಗೆಳೆಯರಿಬ್ಬರಿಗೂ ಹುಚ್ಚು ಹಿಡಿಯಿತು. ಪಂದ್ಯದ ಸೈಕಲ್ಲಿಗೆ ಬ್ರೇಕ್ ಇರುವುದಿಲ್ಲ, ಇಬ್ಬರೂ ಕೂಡಿ ಪೆಡಲನ್ನು ಹಿಂದಕ್ಕೆ ಒತ್ತಿಯೇ ನಿಲ್ಲಿಸಬೇಕು ಎಂದು ಎಲ್ಲೋ ಓದಿದ ಧನಪಾಲ, ಗಾಲಿ ತಿರುಗಿದಷ್ಟೂ ಪೆಡಲು ತಿರುಗುವಂತೆ ಬಿಗಿದು, ಬ್ರೇಕುಗಳನ್ನೇ ಕಿತ್ತು ಹಾಕಿದ. ಅಲ್ಲಿ ಓಡುವುದು ಬಟ್ಟಲಿನಂಥ ದುಂಡು ಹಾದಿಯಲ್ಲಿ, ಆ ಹಾದಿಗೆ ಕಬ್ಬಿನ ಗಾಡಿ ಅಡ್ಡ ಬರುವುದಿಲ್ಲ ಎನ್ನುವಷ್ಟು ಬುದ್ಧಿ ಆ ಶಾಣ್ಯಾರಿಗೆ ಹೊಳೆಯಲಿಲ್ಲ.

ಬೆಲ್ಲದ ಬಾಗೇವಾಡಿ ದಾಟಿದ ಮೇಲಿನ ಇಳಿಜಾರಿನಲ್ಲಿ ಗಾಡಿ ಅಡ್ಡ ಬಂತು. ಧನಪಾಲ ಹೊಲದಲ್ಲಿ ಹೋಗಿ ಬಿದ್ದ. ರಾಚಪ್ಪನ ತಲೆ ಗಾಡಿಯ ಗಾಲಿಗೆ ಬಡಿಯಿತು. ಮಣ್ಣು ಮಾಡಿದ ದಿನ ರಾಚಪ್ಪನ ತಾಯಿ ಚನ್ನವ್ವ ಕೇಳಿದ್ದು ಒಂದೇ ಮಾತು.

"ಕಡೀಕ ಏನರ ಅಂದನೇನೋ?"

"ಏನೂ ಅನ್ನಲಿಲ್ಲವ್ವಾ."

ಹೇಳಿದ್ದು ಸುಳ್ಳು. ಆರು ತಿಂಗಳು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಧನಪಾಲ ಸೈಕಲ್ಲು ಸರಿಮಾಡಿದ, ಒಬ್ಬನೇ ತುಳಿದ. ಒಂದು ದಿನ ರಾಚಪ್ಪನ ತಮ್ಮ ಅಪ್ಪಣ್ಣ ಅಂಗಡಿಗೆ ಬಂದ. ಅಣ್ಣನದೇ ಎತ್ತರ, ಅಣ್ಣನದೇ ಬೆನ್ನು.

"ಧನಪಾಲಣ್ಣ, ಅಣ್ಣನ ಜಾಗಾದಾಗ ನಾ ಕುಂದರತೇನ್ರಿ. ಮುಂಬಯಿಗೆ ಹೋಗೂಣು. ಅವ್ವ ನಿಮ್ಮನ್ನ ಕರದಾಳ, ಹುಷಾರಾಗಿ ಕರಕೊಂಡ ಬರತೇನಂತ ನೀವು ಮಾತು ಕೊಟ್ರ ಕಳಸತಾಳಂತ."

ಆಯ್ಕೆಗೆ ಉಳಿದದ್ದು ಎಂಟೇ ದಿನ. ಧನಪಾಲನಿಗೆ ಲಂಡನ್ನು ಬೇಕಿತ್ತು, ಈಗಲೂ ಬೇಕಿತ್ತು, ಅದೇ ಅವನಿಗೆ ನಾಚಿಕೆ. ನಿಜ ಹೇಳಿದರೆ ಆ ತಾಯಿ ಇನ್ನೊಬ್ಬ ಮಗನನ್ನು ಕಳಿಸುವುದಿಲ್ಲ. ಹೇಳದಿದ್ದರೆ ಅಪ್ಪಣ್ಣ ಅದೇ ಸೀಟಿನಲ್ಲಿ ಕೂಡುತ್ತಾನೆ.

ಚನ್ನವ್ವ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನ ಮಾಡುತ್ತಿದ್ದಳು. ತಲೆ ಎತ್ತದೆ ಕೇಳಿದಳು:

"ಹಿಂದಿನಾಂವ ಏನರ ಅಂದ್ರ ಮುಂದಿನಾಂವಗ ಕೇಳಸತೈತೇನೋ?"

ಗಾಳಿಯ ಸದ್ದಿಗೆ ಕೇಳಿಸುವುದಿಲ್ಲ ಎಂದಿದ್ದರೆ ಮುಗಿಯುತ್ತಿತ್ತು.

"ಕೇಳಸತೈತವ್ವಾ," ಅಂದ ಧನಪಾಲ. "ಅವತ್ತೂ ಕೇಳಿಸಿತ್ತು. ನಿಲ್ಲಸು ಅಂದಿದ್ದ ರಾಚಪ್ಪ, ಮೂರು ಸಲ. ಆಂವಗ ಗಾಡಿ ಕಾಣತಿರಲಿಲ್ಲ, ಓಟಕ್ಕ ಅಂಜಿದ್ದ. ಗಾಡಿ ಇನ್ನೂ ನೂರು ಹೆಜ್ಜಿ ದೂರ ಇತ್ತು. ಓಟ ಛಲೋ ಬಂದಿತ್ತು, ನನಗ ನಿಲ್ಲಸಾಕ ಮನಸಾಗಲಿಲ್ಲ. ಆಂವ ಒಬ್ಬನ ಹಿಂದಕ್ಕ ಒತ್ತಿದ. ನಾ ಮುಂದಕ್ಕ ತುಳದೆ."

ಬಾಗಿಲಲ್ಲಿ ನಿಂತಿದ್ದ ಅಪ್ಪಣ್ಣ ಒಳಗೂ ಬರಲಿಲ್ಲ, ಹೊರಗೂ ಹೋಗಲಿಲ್ಲ. ಚನ್ನವ್ವನ ಕೈ ನಿಂತಿತು. ಆಮೇಲೆ ಒಂದು ಹರಳು ಆರಿಸಿ ಅಂಗಳಕ್ಕೆ ಎಸೆದಳು.

"ಮುಂಬಯಿಗೆ ಹೋಗ್ರಿ. ಅಪ್ಪಣ್ಣ ಮುಂದ ಕುಂದರಲಿ. ನೀ ಹಿಂದ ಕುಂದರು."

ಅವಳು ಬೈದಿದ್ದರೆ ಧನಪಾಲ ತಡೆದುಕೊಳ್ಳುತ್ತಿದ್ದ.

ಮರುದಿನ ಬೆಳಿಗ್ಗೆ ಅವನು ಹಿಂದಿನ ಸೀಟಿಗೆ ಹತ್ತಿದ. ಅಲ್ಲಿ ಕೂತವನಿಗೆ ಮುಂದಿನವನ ಬೆನ್ನು ಬಿಟ್ಟರೆ ಏನೂ ಕಾಣುವುದಿಲ್ಲ. ಅಪ್ಪಣ್ಣ ತುಳಿದ. ಬಾಗೇವಾಡಿ ಹಿಂದೆ ಬಿತ್ತು, ಇಳಿಜಾರು ಬಂತು. ಪೆಡಲುಗಳು ಧನಪಾಲನ ಪಾದಗಳನ್ನು ಎತ್ತಿಕೊಂಡು ತಿರುಗತೊಡಗಿದವು. ಆ ಬೆನ್ನಿನ ಆಚೆ ಗಾಡಿ ಇದೆಯೋ, ದನ ಇದೆಯೋ, ಯಾರಿಗೆ ಗೊತ್ತು? ರಾಚಪ್ಪ ಕಡೆಯ ಗಳಿಗೆಯಲ್ಲಿ ಉಂಡ ಭಯ ಇದೇ ಎಂದು ಅವನಿಗೆ ಅರ್ಥವಾಯಿತು.

"ಅಪ್ಪಣ್ಣ, ನಿಲ್ಲಸು."

ಒಂದೇ ಸಲ ಅಂದಿದ್ದ. ಅಪ್ಪಣ್ಣ ಯಾಕೆಂದು ಕೇಳದೆ ಹಿಂದಕ್ಕೆ ಒತ್ತಿದ. ಧನಪಾಲನೂ ಒತ್ತಿದ. ನಾಲ್ಕು ಕಾಲು ಕೂಡಿದ್ದೇ ಸೈಕಲ್ಲು ಹಿಡಿತಕ್ಕೆ ಬಂದು, ನಿಧಾನವಾಗಿ, ನಿಂತುಬಿಟ್ಟಿತು. ಎದುರಿಗೆ ರಸ್ತೆ ಖಾಲಿಯಿತ್ತು.

ಅಪ್ಪಣ್ಣ ಇಳಿದು, ಬಂದ ದಾರಿಯತ್ತ ನಡೆದ. ಧನಪಾಲ ಕೂಗಿದ ಜಾಗ ಗುರುತು ಹಿಡಿದು, ಅಲ್ಲಿಂದ ಹೆಜ್ಜೆ ಹಾಕುತ್ತ ಒಂದೊಂದೇ ಎಣಿಸಿಕೊಂಡು ಮರಳಿದ.

"ನಲವತ್ತು ಹೆಜ್ಜಿ ಆದವು ನೋಡ್ರಿ. ಅವತ್ತ ನೂರು ಇದ್ದವು," ಅಂದ.

ಧನಪಾಲ ಹ್ಯಾಂಡಲ್ಲಿಗೆ ತಲೆಯಿಟ್ಟು ಅತ್ತ. ಮುಂಬಯಿಯ ಮಾತನ್ನು ಆಮೇಲೆ ಇಬ್ಬರೂ ಎತ್ತಲಿಲ್ಲ.