ಕುದಿಯದ ಲಾರಿ

ಬೆಂಗೆಟ್ ಗುಡ್ಡದ ಅಟೋಕ್ ಏರಿನಲ್ಲಿ ಅಲಿಪಿಯೊನ ಲಾರಿ ಕುದಿಯದ ದಿನವಿರಲಿಲ್ಲ. ಕೋಳಿಗೊಬ್ಬರದ ಮೂಟೆ ಹೊತ್ತು ಏದುಸಿರು ಬಿಡುತ್ತ ಬರುವ ಆ ಮುದಿ ಗಾಡಿ ಸರಿಯಾಗಿ ಡೊಮಿಂಗಾಳ ಕಾಫಿ ಅಂಗಡಿಯ ಮುಂದೆಯೇ ಹಬೆ ಉಗುಳಿ ನಿಲ್ಲುತ್ತಿತ್ತು. ಗಂಡ ಸತ್ತ ಮೇಲೆ ಆ ತಿರುವಿನಲ್ಲಿ ಅಂಗಡಿ ಇಟ್ಟುಕೊಂಡವಳು ಅವಳು. ಬಿಂದಿಗೆಯಲ್ಲಿ ನೀರು ತಂದುಕೊಡುವಳು. ರೇಡಿಯೇಟರ್ ತಣಿಯುವವರೆಗೆ ಬೇಯಿಸಿದ ಗೆಣಸು, ಕಾಫಿ, ಒಂದಿಷ್ಟು ಗೇಲಿ.

“ಏನ್ರೀ, ನಿಮ್ ಲಾರಿಗೆ ನನ್ನಂಗಡಿ ಕಂಡ್ರೆ ಜ್ವರ ಬರುತ್ತಾ?”

ಅಲಿಪಿಯೊ ನಗುತ್ತಿದ್ದ, ಅಷ್ಟೇ. ಮೈಯೆಲ್ಲ ಕೋಳಿಗೊಬ್ಬರ ನಾರುವ ಗಂಡಸು ಹೆಣ್ಣಿಗೆ ಏನು ತಾನೇ ಹೇಳಿಯಾನು? ನೀರಿನ ನೆಪ ಒಂದಿತ್ತು, ಅದೇ ಸಾಕಾಗಿತ್ತು.

ಒಂದು ದಿನ ಅವಳು, “ನಿಮ್ಮನ್ನ ಕಾದೂ ಕಾದೂ ಕಾಫಿ ಆರೋಗುತ್ತೆ” ಎಂದುಬಿಟ್ಟಳು. ಅದೊಂದು ಮಾತು ಹಿಡಿದುಕೊಂಡು, ಬೇಗ ಬಂದು ಮುಟ್ಟಬೇಕೆಂದು ಈ ಪುಣ್ಯಾತ್ಮ ಪಟ್ಟಣಕ್ಕೆ ಹೋಗಿ, ಜಪಾನಿನಿಂದ ಬಂದ ದೊಡ್ಡ ಹಳೇ ಎಂಜಿನ್ ಕೊಂಡು ತಂದ.

ಮೆಕ್ಯಾನಿಕ್ ಪುಕಾಯ್ ತಲೆ ಚಚ್ಚಿಕೊಂಡ. “ಲೋ, ಎತ್ತಿನ ಗಾಡಿಗೆ ಆನೆ ಕಟ್ತೀಯಲ್ಲೋ! ಎಂಜಿನ್ ಎಳೆಯುತ್ತೆ, ಸರಿ. ಆ ಬಲಾನ ಚಕ್ರಕ್ಕೆ ಮುಟ್ಸೋ ಆಕ್ಸೆಲ್ ಹಳೇದೇ ಅಲ್ವಾ? ಅದನ್ನೂ ಬದಲಾಯ್ಸು.”

“ಆಮೇಲೆ ನೋಡಣ ಮಾಮ.”

ಊರ ಪದ್ಧತಿಯಂತೆ ಕೋಳಿ ಕೊಯ್ದು ಎಂಜಿನ್ನಿಗೆ ರಕ್ತ ಸವರಿದರು. “ಆಕ್ಸೆಲ್‌ಗೂ ಒಂದು ತೊಟ್ಟು ಹಚ್ಚೋ. ಪಾಪ, ಒದ್ದಾಡೋದು ಅದು” ಎಂದ ಪುಕಾಯ್. ಎಲ್ಲರೂ ನಕ್ಕರು, ಯಾರೂ ಹಚ್ಚಲಿಲ್ಲ.

ಹೊಸ ಎಂಜಿನ್ ಹೂವೆತ್ತಿದ ಹಾಗೆ ಏರು ಹತ್ತಿತು. ಕುದಿಯಲೇ ಇಲ್ಲ. ಕುದಿಯದ ಲಾರಿಯನ್ನು ಯಾವ ಮುಖ ಹೊತ್ತು ನಿಲ್ಲಿಸುವುದು? ಹಿಂದೆ ಬೇರೆ ಲಾರಿಯವರು, ಅವರ ಬಾಯೋ ಊರಗಲ. ಹಾರ್ನ್ ಹೊಡೆದು ಮುಂದೆ ಹೋದ. ಬಿಂದಿಗೆ ಹಿಡಿದು ನಿಂತ ಡೊಮಿಂಗಾ ಕನ್ನಡಿಯಲ್ಲಿ ಚಿಕ್ಕವಳಾಗುತ್ತ ಹೋದಳು. ಮಾರನೆಯ ದಿನವೂ ಹಾಗೇ, ಮಳೆಗಾಲ ಮುಗಿಯುವವರೆಗೂ ಹಾಗೇ. ಮಂಜಿನಲ್ಲಿ ಆ ತಿರುವು ಬಂದಾಗಲೆಲ್ಲ ಅವನಿಗೆ ಹಳೇ ಎಂಜಿನ್ನಿನ ಹಬೆ ನೆನಪಾಗುತ್ತಿತ್ತು.

ಒಂದು ಬೆಳಿಗ್ಗೆ ಗೊಬ್ಬರ ತುಂಬಿಸುತ್ತಿದ್ದಾಗ ಪುಕಾಯ್ ಬಂದ. “ಡೊಮಿಂಗಾ ಅಂಗಡಿ ಮುಚ್ಚಿದ್ಲಂತೆ. ಇವತ್ತಿನ ಬಸ್ಸಿಗೆ ತಂಗಿ ಊರಿಗೆ ಹೊರಟವಳು, ಇನ್ನು ಬರಲ್ವಂತೆ. ಏನಾದ್ರೂ ಹೇಳೋದಿದ್ರೆ ಈಗ್ಲೇ ಹೇಳ್ಕೊಳ್ಳೋ ಹೆಡ್ಡ.”

ಅಲಿಪಿಯೊ ಪೂರ್ತಿ ಹೊರೆಯ ಸಮೇತ ಹೊರಟ. ‘ಹೋಗ್ಬೇಡಿ’ ಎಂಬ ಒಂದೇ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ. ಕೊನೆಯ ಏರಿನಲ್ಲಿ ಗೇರು ಇಳಿಸಿ, ಕ್ಲಚ್ಚು ಬಿಟ್ಟು, ಆಕ್ಸಿಲರೇಟರನ್ನು ಪೂರ್ತಿ ತುಳಿದ. ಹಿಂದೆ ಫಟ್ಟೆಂದಿತು. ಆಕ್ಸೆಲ್ ತುಂಡಾಗಿತ್ತು. ಎಂಜಿನ್ ಘರ್ಜಿಸುತ್ತಲೇ ಇತ್ತು, ಚಕ್ರಕ್ಕೆ ಚೂರೂ ಮುಟ್ಟಲಿಲ್ಲ. ಬ್ರೇಕ್ ತುಳಿದು, ಲಾರಿಯನ್ನು ಗುಡ್ಡಕ್ಕೆ ಒರಗಿಸಿ, ಎಂಜಿನ್ ಆರಿಸುವುದನ್ನೂ ಮರೆತು ಕೂತ.

ಮೇಲಿನಿಂದ ಬಸ್ಸು ಇಳಿದು ಬಂತು. ಇಕ್ಕಟ್ಟಿನ ರಸ್ತೆ, ಪಕ್ಕದಲ್ಲೇ ನಿಧಾನವಾಗಿ ತೆವಳಿತು. ಕಿಟಕಿಯಲ್ಲಿ ಡೊಮಿಂಗಾ. ನಿಂತ ಲಾರಿ ಕಂಡು ಅವಳ ಮುಖ ಅರಳಿತು.

“ಏನ್ರೀ ಅಲಿಪಿಯೊ! ಕುದೀತಾ? ನೀರು ಬೇಕಾ?”

ಅವನ ಕಣ್ಣು ರೂಢಿಯಂತೆ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳಿನ ಕಡೆ ಹೋಯಿತು. ಎಂಜಿನ್ ತಣ್ಣಗಿತ್ತು.

“ಇಲ್ಲ, ಕುದ್ದಿಲ್ಲ” ಎಂದ ಆ ಪ್ರಾಮಾಣಿಕ. “ಆಕ್ಸೆಲ್ ಹೋಯ್ತು. ನೀರು ಬೇಡ.”

“ಹೌದಾ” ಎಂದಳು. ಅರಳಿದ ಮುಖ ಒಳಗೆ ಸರಿಯಿತು.

ಬಾಯಿಪಾಠ ಮಾಡಿದ ಮಾತು ಬಾಯಿಗೆ ಬಂದದ್ದು ಬಸ್ಸು ತಿರುವು ದಾಟಿದ ಮೇಲೆ. ಆಕ್ಸಿಲರೇಟರನ್ನು ತುಳಿದದ್ದೂ ಅರಿಯದೆ ಗಂಟಲು ಹರಿಯುವಂತೆ ಕೂಗಿದ. ಎಂಜಿನ್ ಸದ್ದಿನಲ್ಲಿ ಅದು ಅವನಿಗೇ ಕೇಳಿಸಲಿಲ್ಲ.