ಹಸಿರು ತೊಗಲು

ಆ ವಜ್ರ ಹೆಸರುಕಾಳಿನಷ್ಟಿತ್ತು, ಹೆಸರುಕಾಳಿನ ಹಾಗೇ ಹಸಿರಾಗಿತ್ತು. ವಜ್ರಕ್ಕೆ ಸಾಣೆ ಹಿಡಿಸುವ ಅಂಗಡಿ ನಡೆಸುತ್ತಿದ್ದ ಅಕ್ಕನ ಗಂಡ ಅದನ್ನು ಪೊಟ್ಟಣದಿಂದ ಬಿಡಿಸಿ ತನ್ನ ನಾದಿನಿಯ ಮುಂದಿಟ್ಟ.

"ಇದೊಂದು ಸರಿಯಾಗಿ ಬಂತು ಅಂದ್ರೆ ನಿಮ್ಮಪ್ಪ ಕೂರ್ತಿದ್ದ ಜಾಗ ಖಾಯಂ ನಿಂದೇ, ತಿಳೀತಾ?"

ಒಂಬತ್ತು ವರ್ಷ ಕಲ್ಲು ತೊಳೆದೂ ತೊಳೆದೂ ಸವೆದ ಬೆರಳು ಅವಳವು. ಸಾಣೆ ಚಕ್ರದ ಮುಂದೆ ಕೂತು ಮೂರು ತಿಂಗಳೂ ಆಗಿರಲಿಲ್ಲ. ಭೂತಗನ್ನಡಿ ಕಣ್ಣಿಗಿಟ್ಟು ನೋಡಿದಳು.

"ಭಾವ, ಹಸಿರು ಬರೀ ತೊಗಲಲ್ಲಿದೆ. ಒಳಗೆ ನೀರಿನಂಗಿದೆ. ಉಜ್ಜಿದ್ರೆ ಹೋಯ್ತು."

ಇದನ್ನು ಅಪ್ಪ ಅವಳಿಗೆ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದ. ಹಳದಿ ವಜ್ರದೊಳಗೆ ಸಾರಜನಕ, ನೀಲಿಯೊಳಗೆ ಬೋರಾನ್. ಅವು ಹುಟ್ಟುವಾಗಲೇ ಮೈಗೆ ಸೇರಿಕೊಂಡವು. ಗುಲಾಬಿಯದು ನೆಲದಾಳದ ಒತ್ತಡಕ್ಕೆ ಸಿಕ್ಕಿ ಮೈ ತಿರುಚಿ ಬಂದದ್ದು. ಹಸಿರು ಮಾತ್ರ ನೆರೆಯವರ ಕೊಡುಗೆ. ವಿಕಿರಣ ಸೂಸುವ ಕಲ್ಲುಗಳ ಮಗ್ಗುಲಲ್ಲಿ ಲಕ್ಷಾಂತರ ವರ್ಷ ಬಿದ್ದಿದ್ದು ಹತ್ತಿಸಿಕೊಂಡ ಬಣ್ಣ; ಎಷ್ಟೋ ಸಲ ಕೂದಲೆಳೆಯಷ್ಟೂ ಒಳಗಿಳಿದಿರುವುದಿಲ್ಲ. "ಸಹವಾಸದಿಂದ ಬಂದದ್ದು ಕಣೇ, ಜೋಪಾನ," ಎನ್ನುತ್ತಿದ್ದ.

ಅವಳು ಜೋಪಾನ ಮಾಡಿದಳು. ಮುಖಗಳನ್ನೆಲ್ಲ ಸಾಣೆ ಹಿಡಿದು, ನಡುವಿನ ಸುತ್ತ ಮತ್ತು ತಳದಲ್ಲಿ ತೊಗಲಿನ ಚೂರು ಉಳಿಸಿದಳು. ಆ ಚೂರೇ ಇಡೀ ಕಲ್ಲಿಗೆ ಹಸಿರು ತುಂಬುತ್ತಿತ್ತು. ಐದನೆಯ ದಿನ ಭಾವ ಬಂದು ಮೂಗು ಮುರಿದ.

"ಇದೇನಮ್ಮ, ಸೊಂಟಕ್ಕೆ ಪಾಚಿ ಕಟ್ಟಿದೆ? ಅರ್ಧ ಸ್ನಾನ ಮಾಡಿಸಿ ಬಿಟ್ಟಂಗಿದೆ. ತೆಗಿ ಅದನ್ನ."

"ತೆಗೆದ್ರೆ ಬಣ್ಣ ಇರಲ್ಲ, ಭಾವ."

"ನಿಮ್ಮಪ್ಪನ ಪುರಾಣ ಬೇಡ. ನಾನೇನು ನಿನ್ನೆ ಮೊನ್ನೆ ಕಣ್ಬಿಟ್ಟೋನಾ? ಆಗಲ್ಲ ಅಂದ್ರೆ ಏಳು, ಬೇರೆಯವರು ಕೂರ್ತಾರೆ."

ಅಕ್ಕ ಚಹಾದ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಳು.

ತಂಗಿ ಏಳಲಿಲ್ಲ. ಅಪ್ಪನ ಜಾಗ ಬಿಡಲು ಮನಸ್ಸು ಬರಲಿಲ್ಲ. ಚಕ್ರ ಗುಂಯ್‌ಗುಟ್ಟಿತು, ತಳ ಉಜ್ಜಿದಳು, ನಡು ಉಜ್ಜಿದಳು. ಒರೆಸಿ ಬಿಳಿ ಕಾಗದದ ಮೇಲಿಟ್ಟಾಗ ಕಲ್ಲು ಹಸಿರೆಲ್ಲ ಕಳೆದುಕೊಂಡು, ಪಾತ್ರೆ ತೊಳೆದ ನೀರಿನ ಹನಿಯಂತೆ ಕೂತಿತ್ತು.

ಮರುದಿನ ಕಲ್ಲಿನ ಒಡೆಯ ಬಂದ. ಕಾಗದದ ಮೇಲಿನ ಕಲ್ಲು ನೋಡಿದ, ಭಾವನ ಮುಖ ನೋಡಿದ. "ನನ್ನ ಹಸಿರು ಎಲ್ರೀ?"

"ಏನ್ ಹೇಳ್ಲಿ ಸ್ವಾಮಿ," ಭಾವ ಹಣೆ ಚಚ್ಚಿಕೊಂಡ. "ಮನೆ ಹುಡುಗಿ ಅಂತ ಕೂರಿಸಿದೆ. ಬೇಡ ಬೇಡ ಅಂದ್ರೂ ಉಜ್ಜಿಬಿಟ್ಳು."

ಅವಳು ಅಕ್ಕನತ್ತ ತಿರುಗಿದಳು. "ಅಕ್ಕಾ, ನೀನು ಅಲ್ಲೇ ಇದ್ಯಲ್ಲ. ಹೇಳೇ."

ಅಕ್ಕ ಖಾಲಿ ಲೋಟಗಳನ್ನು ಒಂದರೊಳಗೊಂದು ಸೇರಿಸಿದಳು. "ನಿಮ್ಮ ಕಲ್ಲಿನ ವಿಷ್ಯ ನಂಗೇನು ಗೊತ್ತು?" ಆಮೇಲೆ ದನಿ ತಗ್ಗಿಸಿ, "ಹೋಗ್ಲಿ ಬಿಡೇ. ನಿಂಗೆ ತೊಳೆಯೋ ಕೆಲಸ ಇದ್ದೇ ಇದೆಯಲ್ಲ," ಎಂದಳು.

ಜಾಗ ಬಿಡುವವರು ಚಕ್ರ ಒರೆಸಿ ಏಳಬೇಕು. ಅದೂ ಅಪ್ಪ ಕಲಿಸಿದ್ದೇ. ಅವಳು ಒರೆಸಿದಳು. ಬಟ್ಟೆಗೆ ಹತ್ತಿದ್ದು ಎಣ್ಣೆ ಬೆರೆತ ಬೂದು ಪುಡಿ. ಹಸಿರಿನ ಸುಳಿವೇ ಇರಲಿಲ್ಲ. ಬಟ್ಟೆಯನ್ನು ಮಡಚಿ ಅಕ್ಕನ ಮುಂದೆ ಹಿಡಿದಳು.

"ಇದನ್ನೂ ನಾನೇ ತೊಳೀಲಾ?"